ನಾನು ನಾನೇ ಅಂತ ಬರೆದುಕೊಟ್ಟೆ

2024ರ ಸೆಪ್ಟೆಂಬರ್. ಹನಕೆರೆಯ ನಮ್ಮ ಮನೆಯ ಜಗುಲಿಯಲ್ಲಿ ಚಾಪೆ ಹಾಸಿಕೊಂಡು, ನನ್ನ ಹೆಸರಿರುವ ಕಾಗದಗಳನ್ನೆಲ್ಲ ಸಾಲಾಗಿ ಜೋಡಿಸಿ ಕೂತಿದ್ದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಬಿ.ಇ. ಎಂಟು ಸೆಮಿಸ್ಟರಿನವು, ಆಧಾರ್, ಪಾಸ್‌ಪೋರ್ಟ್. ಗಾಳಿಗೆ ಹಾರದ ಹಾಗೆ ಪ್ರತಿಯೊಂದರ ಮೇಲೂ ಒಂದೊಂದು ತೆಂಗಿನಕಾಯಿ. ಜರ್ಮನಿಯಲ್ಲಿ ಎಂ.ಎಸ್. ಮಾಡಬೇಕು, ಅದಕ್ಕೆ ಅರ್ಜಿ ಹಾಕುವ ಮೊದಲು ಎಲ್ಲ ಕಾಗದದಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿಕೋ ಅಂತ ಹಾಸ್ಟೆಲ್‌ನ ಸೀನಿಯರ್ ಅಕ್ಕ ಹೇಳಿದ್ದಳು.

ಇರಲಿಲ್ಲ.

ಅಂಕಪಟ್ಟಿಗಳಲ್ಲೆಲ್ಲ ನಾನು ಸೌಮ್ಯ ಎಚ್.ಎಂ. ಇಂಗ್ಲಿಷ್ ಕಾಗುಣಿತದಲ್ಲಿ ಎಸ್ ಓ ಆದಮೇಲೆ ಡಬ್ಲ್ಯು. ಪಾಸ್‌ಪೋರ್ಟಿನಲ್ಲಿ ಮತ್ತು ಆಧಾರ್‌ನಲ್ಲಿ ಎಸ್ ಓ ಆದಮೇಲೆ ಯು. ಕನ್ನಡದಲ್ಲಿ ಎಲ್ಲ ಕಡೆ ಅದೇ ಸೌಮ್ಯ, ಒಂದು ಔತ್ವ, ಒಂದು ಯ ಒತ್ತು, ಮುಗೀತು. ಇಂಗ್ಲಿಷಿಗೆ ಹೋದ ತಕ್ಷಣ ಎರಡು ಹುಡುಗಿಯರು.

ಇದಕ್ಕೆ ಯಾರನ್ನೂ ಬಯ್ಯೋ ಹಾಗಿಲ್ಲ. ಮಾಡಿಕೊಂಡವಳು ನಾನೇ. ಹದಿನೈದು ವರ್ಷಕ್ಕೆ ಆಧಾರ್‌ಗೆ ಮತ್ತೆ ಬೆರಳಚ್ಚು ಕೊಡಬೇಕಲ್ಲ, ಆಗ ಕಂಪ್ಯೂಟರ್ ಮುಂದೆ ಕೂತಿದ್ದ ಅಣ್ಣ, ಹೆಸರಿನ ಸ್ಪೆಲ್ಲಿಂಗ್ ಸರಿ ಇದೆಯಾ ನೋಡಮ್ಮ ಅಂದರು. ನನಗೆ ಆ ವಯಸ್ಸಿನಲ್ಲಿ ಡಬ್ಲ್ಯು ಹಳ್ಳಿ ಥರ ಕಾಣುತ್ತಿತ್ತು. ಯು ಹಾಕಿ ಅಂದೆ. ಮುಂದೆ 2021ರಲ್ಲಿ ಪಾಸ್‌ಪೋರ್ಟ್ ಮಾಡಿಸಲು ಮೈಸೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋದಾಗ ಅಲ್ಲಿನ ಅಧಿಕಾರಿ ಎರಡೂ ಕಾಗದ ನೋಡಿ, ಯಾವುದು ಹಾಕಲಿ ಅಂತ ಕೇಳಿದ್ದರು ಕೂಡ. ಆಗಲೂ ಜಂಬದಿಂದ ಯು ಅಂದಿದ್ದೆ. (ಅಂದ ಹಾಗೆ, ಅಂಚೆ ಕಚೇರಿಯೊಳಗೆ ಪಾಸ್‌ಪೋರ್ಟ್ ಕೊಡುವ ಪದ್ಧತಿ ಇಡೀ ದೇಶದಲ್ಲಿ ಶುರುವಾದದ್ದೇ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ, 2017ರ ಜನವರಿ 25ರಂದು. ಅದಕ್ಕೂ ಮುಂಚೆ ನಮ್ಮ ಕಡೆಯವರು ಬೆಂಗಳೂರಿಗೆ ಹೋಗಬೇಕಿತ್ತು.)

ಇಷ್ಟೇ ಆಗಿದ್ದರೆ ಸರಿ. ಇನ್ನೊಂದು ಇತ್ತು: ಇನಿಷಿಯಲ್.

ನಮ್ಮ ಕಡೆ ಅಡ್ಡಹೆಸರು ಅನ್ನೋದೇ ಇಲ್ಲವಲ್ಲ. ಎಚ್ ಅಂದರೆ ಹನಕೆರೆ, ಊರು. ಎಂ ಅಂದರೆ ಮಾದೇಗೌಡ, ಅಪ್ಪ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ನನ್ನ ಪಾಸ್‌ಪೋರ್ಟಿನಲ್ಲಿ ಹೆಸರಿನ ಜಾಗದಲ್ಲಿ ಸೌಮ್ಯ, ಸರ್‌ನೇಮ್ ಜಾಗದಲ್ಲಿ ಹನಕೆರೆ ಮಾದೇಗೌಡ ಅಂತ ಬಂದಿತ್ತು. ಆವತ್ತು ಅದನ್ನು ನೋಡಿ ನಾನೂ ನನ್ನ ಗೆಳತಿಯರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು.

ಈಗ ನಗು ಬರಲಿಲ್ಲ. ಅಂಕಪಟ್ಟಿಯ ಸೌಮ್ಯ ಎಚ್.ಎಂ.ಗೂ ಪಾಸ್‌ಪೋರ್ಟಿನ ಸೌಮ್ಯ ಹನಕೆರೆ ಮಾದೇಗೌಡಳಿಗೂ ಏನು ಸಂಬಂಧ ಅಂತ ಜರ್ಮನಿಯವರು ಕೇಳಿದರೆ ಏನು ಹೇಳಲಿ? ಹನಕೆರೆಯಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ. ಅವರು ಹನಕೆರೆಗೆ ಬಂದು ಕೇಳಲ್ಲವಲ್ಲ.

ಮೈಸೂರಿನಲ್ಲಿ ಒಂದು ಕನ್ಸಲ್ಟೆನ್ಸಿಗೂ ಹೋಗಿ ಕೂತೆ. ಎ.ಸಿ. ರೂಮು, ಗೋಡೆ ತುಂಬ ಹಿಮದಲ್ಲಿ ನಿಂತ ಹುಡುಗರ ಫೋಟೊ. ಹೆಸರಿನದ್ದೆಲ್ಲ ಚಿಲ್ಲರೆ ವಿಷಯ, ಅಫಿಡವಿಟ್ ಒಂದು ಸಾಕು, ಮೊದಲು ನಮ್ಮ ಪ್ಯಾಕೇಜ್ ಫೀಸ್ ಕಟ್ಟಿ ಅಂದರು. ಸೀನಿಯರ್ ಅಕ್ಕನನ್ನು ಕೇಳಿದೆ. ಅವಳ ಮಾತು ಬೇರೆ ಇತ್ತು. "ಇನಿಷಿಯಲ್ ಬಿಡಿಸಿದ್ದಕ್ಕೆ ಅಫಿಡವಿಟ್ ನಡೆಯುತ್ತೆ, ನಮ್ಮ ಕಡೆಯವರದೆಲ್ಲ ಹಾಗೇ. ಆದರೆ ಸ್ಪೆಲ್ಲಿಂಗೇ ಬೇರೆ ಇದ್ದರೆ ತಿದ್ದಿಸಿಬಿಡು. ಇನ್ನೂ ವರ್ಷ ಇದೆಯಲ್ಲ, ಈಗಲೇ ಮಾಡು." ನನಗೆ ಇದೇ ಸರಿ ಅನ್ನಿಸಿತು. ಕೊನೇ ಗಳಿಗೆಯಲ್ಲಿ ಬೆವರೋದಕ್ಕಿಂತ ಮೊದಲೇ ಓಡಾಡೋದು ವಾಸಿ. ಕನ್ಸಲ್ಟೆನ್ಸಿ ಕಡೆ ಮತ್ತೆ ತಲೆ ಹಾಕಲಿಲ್ಲ.

ಮೊದಲು ಆಧಾರ್. ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಾಯಿಸಬಹುದು. ಒಂದು ಸಲದ್ದನ್ನು ಹದಿನೈದನೇ ವಯಸ್ಸಿನ ಜಂಬಕ್ಕೆ ಖರ್ಚು ಮಾಡಿಯಾಗಿತ್ತು. ಉಳಿದ ಒಂದನ್ನು ಈಗ ಬಳಸಿ, ಯು ತೆಗೆಸಿ ಡಬ್ಲ್ಯು ಹಾಕಿಸಿದೆ. ಇನ್ನು ಬೇಕೆಂದರೂ ಸುಲಭಕ್ಕೆ ತಿದ್ದೋ ಹಾಗಿಲ್ಲ. ಆಮೇಲೆ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ, 1,500 ರೂಪಾಯಿ. ಮತ್ತೆ ಮೈಸೂರಿನ ಅದೇ ಕೇಂದ್ರ. ಈ ಸಲ ಅಲ್ಲಿ ಇನ್ನೊಂದು ಸಣ್ಣ ಗಾಬರಿ. ನಾನು ಹುಟ್ಟಿದ್ದು ಮೈಸೂರಿನ ಆಸ್ಪತ್ರೆಯಲ್ಲಿ. ಜನನ ಪ್ರಮಾಣಪತ್ರದ ಇಂಗ್ಲಿಷಿನಲ್ಲಿ ಹಳೇ ಮೈಸೋರ್, ಅರ್ಜಿಯಲ್ಲಿ ಮೈಸೂರು. ಅಯ್ಯೋ ಇದೂ ಬೇರೆ ಬೇರೆ ಆಯ್ತಲ್ಲ ಅಂತ ಅಲ್ಲಿದ್ದ ಮೇಡಂ ಮುಖ ನೋಡಿದೆ. ಅವರು ತಲೆ ಎತ್ತದೆ, "ಅದು ಊರು ಬದಲಾಯಿಸಿದ್ದಮ್ಮ, ನೀನಲ್ಲ" ಅಂದರು. 2014ರ ನವೆಂಬರ್ 1ಕ್ಕೆ ಸರ್ಕಾರವೇ ಹನ್ನೆರಡು ಊರುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿಸಿತ್ತಲ್ಲ. ಊರಿಗೆ ಸಿಗುವ ವಿನಾಯಿತಿ ನನಗಿಲ್ಲ.

ಪೊಲೀಸ್ ವಿಚಾರಣೆಗೆ ಬಂದ ಪೇದೆ ನಮ್ಮಪ್ಪನಿಗೆ ಗೊತ್ತಿದ್ದವರೇ. ಟೀ ಕುಡಿದು, ಮಳೆ ಮಾತಾಡಿ, ಫೋಟೊ ತೆಗೆದುಕೊಂಡು ಹೋದರು. ಮೂರು ವಾರದಲ್ಲಿ ಹೊಸ ಪಾಸ್‌ಪೋರ್ಟ್ ಬಂತು. ಡಬ್ಲ್ಯು ಇತ್ತು. ಆ ಅಕ್ಷರ ಇಷ್ಟು ಚೆಂದ ಇದೆ ಅಂತ ಯಾವತ್ತೂ ಅನ್ನಿಸಿರಲಿಲ್ಲ.

ಇನ್ನು ಅಫಿಡವಿಟ್. ಮಂಡ್ಯದ ಕೋರ್ಟ್ ಹತ್ತಿರ ಮರದಡಿ ಟೈಪಿಂಗ್ ಮಾಡುವವರ ಟೇಬಲ್ಲು. ಅಪ್ಪನೂ ಜೊತೆಗೆ ಬಂದಿದ್ದ. ನೋಟರಿ ವಕೀಲರು ಕನ್ನಡಕ ಮೂಗಿನ ತುದಿಗೆ ಇಳಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಅಂದ್ರೆ ನೀನು ನೀನೇ ಅಂತ ಬರ್ಕೊಡ್ಬೇಕು, ಅಲ್ವೇನವ್ವ?"

"ಹೂಂ ಸಾರ್."

"ಸರಿ, ನೀನೇ ತಾನೆ?"

ಟೈಪಿಸ್ಟ್ ಆಗಲೇ ಬೆರಳಾಡಿಸುತ್ತಿದ್ದ. ಅವನಿಗೆ ಈ ವಾಕ್ಯ ಬಾಯಿಪಾಠ. ಸೌಮ್ಯ ಎಚ್.ಎಂ. ಮತ್ತು ಸೌಮ್ಯ ಹನಕೆರೆ ಮಾದೇಗೌಡ, ಇವರಿಬ್ಬರೂ 'ಒನ್ ಅಂಡ್ ದಿ ಸೇಮ್ ಪರ್ಸನ್'. ಸ್ಟಾಂಪ್ ಪೇಪರಿನ ಮೇಲೆ ನನ್ನ ಸಹಿ, ಕೆಳಗೆ ನೋಟರಿಯ ದುಂಡನೆ ಸೀಲು. ಅಪ್ಪ ಅದನ್ನು ಕೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿದ. ಇಂಗ್ಲಿಷ್ ಓದಲು ಬರದಿದ್ದರೂ ಊರ ಹೆಸರು, ತನ್ನ ಹೆಸರು ಗುರುತು ಸಿಗುತ್ತೆ ಅವನಿಗೆ. "ನನ್ನ ಹೆಸರು ಯಾಕ್ಲಾ ಇಷ್ಟು ದಪ್ಪಗೆ ಹೊಡ್ದಿದ್ದೀಯ?" ಅಂತ ಟೈಪಿಸ್ಟನನ್ನು ಕೇಳಿದ. ಬೇಜಾರಾಗಿ ಅಲ್ಲ.

ಮುಂದಿನ ಒಂದೆರಡು ಮೆಟ್ಟಿಲು ಬೇಗ ಹೇಳಿಬಿಡುತ್ತೇನೆ. ನವೆಂಬರ್‌ನಲ್ಲಿ ಬೆಂಗಳೂರಿಗೆ ಹೋಗಿ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬರೆದೆ, ಬ್ಯಾಂಡ್ 7 ಬಂತು. ಡಿಸೆಂಬರ್‌ನಲ್ಲಿ ಎಪಿಎಸ್‌ಗೆ ಅರ್ಜಿ. ಇದು ಗೊತ್ತಿಲ್ಲದವರಿಗೆ: ದೆಹಲಿಯ ಜರ್ಮನ್ ರಾಯಭಾರ ಕಚೇರಿಯದ್ದೊಂದು ವಿಭಾಗ ನಮ್ಮ ಅಂಕಪಟ್ಟಿಗಳು ಅಸಲಿಯೇ ಅಂತ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುತ್ತದೆ. ಚೀನಾ, ವಿಯೆಟ್ನಾಂ ವಿದ್ಯಾರ್ಥಿಗಳಿಗೆ ಮೊದಲಿಂದಲೂ ಇತ್ತು. 2022ರ ನವೆಂಬರ್ 1ರಿಂದ ನಮಗೂ ಕಡ್ಡಾಯ. ಫೀಸು 18,000 ರೂಪಾಯಿ. ಇದಿಲ್ಲದೆ ವೀಸಾ ಅರ್ಜಿ ಮುಟ್ಟುವುದೂ ಇಲ್ಲ. ನನ್ನ ಹೆಸರಿನ ಗೋಜಲೆಲ್ಲ ಇಲ್ಲಿಯೇ ಸಿಕ್ಕಿಬೀಳಬೇಕಿತ್ತು. ಅಫಿಡವಿಟ್ ಜೊತೆಗೆ ಹಾಕಿದ್ದೆ, ತಂಟೆ ಇಲ್ಲದೆ ಫೆಬ್ರವರಿಯಲ್ಲಿ ಸರ್ಟಿಫಿಕೇಟ್ ಬಂತು. ವಿಶ್ವವಿದ್ಯಾಲಯಗಳಿಗೆ ಯೂನಿ-ಅಸಿಸ್ಟ್ ಅನ್ನೋ, ಅವುಗಳ ಪರವಾಗಿ ಅರ್ಜಿ ತೆಗೆದುಕೊಳ್ಳುವ ಸಂಸ್ಥೆಯ ಮೂಲಕ ಹಾಕಿದೆ, ಮೊದಲನೆಯದಕ್ಕೆ 75 ಯೂರೋ, ಆಮೇಲೆ ಒಂದೊಂದಕ್ಕೂ 30. ನಾಲ್ಕು ಕಡೆ ಹಾಕಿ ಎರಡು ಕಡೆ ಇಲ್ಲ ಅನ್ನಿಸಿಕೊಂಡು, ಜೂನ್ ಮೊದಲ ವಾರ ಕೆಮ್ನಿಟ್ಸ್ ಅನ್ನುವ ಊರಿನಿಂದ ಪತ್ರ ಬಂತು.

ಆ ಇ-ಮೇಲ್ ತೆರೆದಾಗ ಮೊದಲು ಕಂಡದ್ದು 'ಫ್ರಾವ್ ಹನಕೆರೆ ಮಾದೇಗೌಡ'. ಅಂದರೆ ಶ್ರೀಮತಿ ಹನಕೆರೆ ಮಾದೇಗೌಡ ಅವರೇ, ತಮಗೆ ಪ್ರವೇಶ ಕೊಡಲಾಗಿದೆ. ಅಪ್ಪನಿಗೆ ಓದಿ ಹೇಳಿದೆ. ಅವನು ಎಮ್ಮೆಗೆ ಹುಲ್ಲು ಹಾಕುತ್ತಿದ್ದವನು ನಿಂತು, "ಸೀಟು ನಂಗಾ ಬಂದಿರದು?" ಅಂದ. ಅವ್ವ ಒಳಗಿಂದ, "ಹೋಗು ಮತ್ತೆ, ಬ್ಯಾಗು ಕಟ್ಕೊಡ್ತೀನಿ" ಅಂದಳು.

ಕೆಮ್ನಿಟ್ಸ್ ಬಗ್ಗೆ ಹುಡುಕಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಪೂರ್ವ ಜರ್ಮನಿ ಇದ್ದ ಕಾಲದಲ್ಲಿ, 1953ರಿಂದ 1990ರವರೆಗೆ, ಆ ಊರಿನ ಹೆಸರು ಕಾರ್ಲ್ ಮಾರ್ಕ್ಸ್ ಸ್ಟಾಟ್. ಆಮೇಲೆ ಮತ್ತೆ ಕೆಮ್ನಿಟ್ಸ್. ಆ ಮೂವತ್ತೇಳು ವರ್ಷ ಅಲ್ಲಿ ಹುಟ್ಟಿದವರ ಪಾಸ್‌ಪೋರ್ಟಿನಲ್ಲಿ ಏನಿರುತ್ತೋ. ನನಗೆ ಊರು ಯಾಕೋ ಹತ್ತಿರದ್ದು ಅನ್ನಿಸಿತು.

ಅಲ್ಲಿಂದ ಮುಂದೆ ದುಡ್ಡಿನ ಕಥೆ.

ಜರ್ಮನಿಯಲ್ಲಿ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ, ಇನ್ನು ಕೆಲವು ಕಡೆಯೂ ಶುರುವಾಗಿದೆ. ಫೀಸು ಇಲ್ಲ ಅಂದಿದ್ದಕ್ಕೇ ಅಪ್ಪ ಇಷ್ಟು ದೂರ ಒಪ್ಪಿದ್ದು. ಆದರೆ ಓದುವಾಗ ಹೊಟ್ಟೆಪಾಡಿಗೆ ದುಡ್ಡಿದೆ ಅಂತ ವೀಸಾಗೆ ಮೊದಲೇ ತೋರಿಸಬೇಕು. ಸುಮ್ನೆ ಪಾಸ್‌ಬುಕ್ ತೋರಿಸಿದರೆ ಆಗಲ್ಲ. ಬ್ಲಾಕ್ಡ್ ಅಕೌಂಟ್ ಅಂತ ತೆರೆದು, ಒಂದು ವರ್ಷದ ಖರ್ಚನ್ನು ಪೂರ್ತಿ ಅದರೊಳಗೆ ಹಾಕಿ ಬೀಗ ಹಾಕಬೇಕು. ಅಲ್ಲಿಗೆ ಹೋದಮೇಲೆ ತಿಂಗಳಿಗಿಷ್ಟು ಅಂತ ನಮಗೇ ಬಿಡುತ್ತಾರೆ. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ ವರ್ಷಕ್ಕೆ 11,904 ಯೂರೋ, ತಿಂಗಳಿಗೆ 992. ಅದಕ್ಕೂ ಮೊದಲು 11,208 ಇತ್ತು. ಅಲ್ಲಿನ ಸರ್ಕಾರ ತನ್ನ ಮಕ್ಕಳಿಗೆ ಓದಲು ಕೊಡುವ ಸಹಾಯಧನ ಗರಿಷ್ಠ 992 ಇದೆ, ಅದಕ್ಕೆ ಸಮ ಮಾಡಿದ್ದಾರೆ.

ಇದನ್ನು ಅಪ್ಪನಿಗೆ ಅರ್ಥ ಮಾಡಿಸಲು ಎರಡು ರಾತ್ರಿ ಹಿಡಿಯಿತು.

"ದುಡ್ಡು ನಮ್ದು."

"ಹೂಂ."

"ಅವ್ರತ್ರ ಇಡ್ಬೇಕು."

"ಹೂಂ ಅಪ್ಪ."

"ಅವ್ರು ನಮ್ಗೇ ತಿಂಗ್ಳು ತಿಂಗ್ಳು ಕೊಡ್ತಾರೆ. ಇದ್ಯಾವ ಸೀಮೆ ಲೆಕ್ಕ ಮಗ?"

ಆಮೇಲೆ ಎಷ್ಟು ಅಂತ ಕೇಳಿದ. ಆಗ ಒಂದು ಯೂರೋ ಹತ್ತಿರ ಹತ್ತಿರ ನೂರು ರೂಪಾಯಿ. ಹನ್ನೆರಡು ಲಕ್ಷ ಅಂದೆ. ಅಪ್ಪ ಮಾತಾಡಲಿಲ್ಲ. ಬೀಡಿ ಹಚ್ಚಿದ. ಅವನ ತುಟಿ ಅಲ್ಲಾಡುತ್ತಿತ್ತು, ಲೆಕ್ಕ ಹಾಕುತ್ತಿದ್ದಾನೆ ಅಂತ ಗೊತ್ತಾಯಿತು. ಅಪ್ಪನ ಲೆಕ್ಕ ಯಾವತ್ತೂ ಕಬ್ಬಿನಲ್ಲಿ. ಆ ವರ್ಷ ಕೇಂದ್ರ ಸರ್ಕಾರ ಕಟ್ಟಿದ್ದ ಬೆಲೆ ಟನ್ನಿಗೆ 3,400. ಅದೂ ಸಕ್ಕರೆ ಇಳುವರಿ ನೂರಕ್ಕೆ 10.25 ಇದ್ದರೆ. ಇಳುವರಿ ಇಳಿದರೆ ಬೆಲೆಯೂ ಇಳಿಯುತ್ತೆ. ಕಡಿಯೋ ಕೂಲಿ, ಸಾಗಣೆ ಅಂತ ಕಳೆದರೆ ಕೈಗೆ ಬರೋದು ಇನ್ನೂ ಕಮ್ಮಿ.

"ಮುನ್ನೂರೈವತ್ತು ಟನ್ನು" ಅಂದ ಕೊನೆಗೆ.

ನಮ್ಮದು ವಿಶ್ವೇಶ್ವರಯ್ಯ ನಾಲೆಯ ಕೆಳಗೆ ಎರಡೂವರೆ ಎಕರೆ. ನೀರು ಸರಿಯಾಗಿ ಬಿಟ್ಟ ವರ್ಷ ಎಕರೆಗೆ ನಲವತ್ತು ಟನ್. ಅಂದರೆ ಮೂರೂವರೆ ವರ್ಷ ಬೆಳೆದ ಕಬ್ಬನ್ನೆಲ್ಲ, ಒಂದು ಜಲ್ಲೆ ಬಿಡದೆ, ಗೊಬ್ಬರಕ್ಕೂ ಆಳಿಗೂ ಒಂದು ಪೈಸೆ ಕೊಡದೆ, ಆ ಅಕೌಂಟಿಗೆ ಸುರಿಯಬೇಕು. ಅಪ್ಪ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ನಾನೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಸಾಲಕ್ಕೆ ಬ್ಯಾಂಕಿಗೆ ಹೋದೆವು. ಅಪ್ಪ ಪಹಣಿ, ಮ್ಯುಟೇಶನ್ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದ. ನಾಲೆ ಬಯಲಿನ ಜಮೀನು, ಇದಕ್ಕಿಂತ ಆಸ್ತಿ ಇನ್ನೇನು ಬೇಕು ಅಂತ ಅವನ ಧೈರ್ಯ. ಮ್ಯಾನೇಜರ್ ಪಹಣಿ ನೋಡಿ ಮರ್ಯಾದೆಯಿಂದಲೇ ವಾಪಸ್ ಕೊಟ್ಟರು. "ಗೌಡ್ರೇ, ವ್ಯವಸಾಯದ ಜಮೀನು ಇದಕ್ಕೆ ಆಗಲ್ಲ. ಸೈಟೋ ಮನೆಯೋ ಇದ್ದರೆ ತನ್ನಿ." ಕಾರಣ ಆಮೇಲೆ ತಿಳಿಯಿತು. ಸಾಲ ತೀರಿಸದವರ ಆಸ್ತಿಯನ್ನು ಬ್ಯಾಂಕು ಕೋರ್ಟಿಗೆ ಹೋಗದೆ ವಶಕ್ಕೆ ತೆಗೆದುಕೊಳ್ಳಲು 2002ರ ಸರ್ಫೇಸಿ ಕಾಯ್ದೆ ಇದೆ. ಅದರಲ್ಲಿ ಕೃಷಿ ಜಮೀನಿಗೆ ವಿನಾಯಿತಿ. ರೈತನ ಜಮೀನು ಹೋಗಬಾರದು ಅಂತ ಮಾಡಿದ್ದು. ಆದರೆ ಅದೇ ಕಾರಣಕ್ಕೆ ರೈತನ ಮಗಳ ಓದಿಗೆ ಆ ಜಮೀನು ಲೆಕ್ಕಕ್ಕಿಲ್ಲ. ಏಳೂವರೆ ಲಕ್ಷದವರೆಗೆ ಆಸ್ತಿ ಅಡ ಇಡದೆಯೂ ಸಾಲ ಸಿಗುವ ದಾರಿ ಇದೆ, ನಮಗೆ ಅದು ಸಾಲುತ್ತಿರಲಿಲ್ಲ.

ಬ್ಯಾಂಕಿನ ಮೆಟ್ಟಿಲು ಇಳಿಯುವಾಗ ಅಪ್ಪ ಪಹಣಿಯನ್ನು ಮತ್ತೆ ಅದೇ ಕವರಿಗೆ ಹಾಕಿ, ರಬ್ಬರ್ ಬ್ಯಾಂಡ್ ಎರಡು ಸುತ್ತು ಸುತ್ತಿದ. ಎಷ್ಟು ನಿಧಾನವಾಗಿ ಅಂದರೆ ಹಿಂದೆ ಬರುತ್ತಿದ್ದವರು ನಿಲ್ಲಬೇಕಾಯಿತು.

ಕೈ ಹಿಡಿದಿದ್ದು ಸೋದರಮಾವ. ಮಂಡ್ಯದಲ್ಲಿ ಅವರದೊಂದು ಮೂವತ್ತು-ನಲವತ್ತು ಸೈಟ್ ಇತ್ತು. ಕೇಳಲು ಅಪ್ಪನಿಗೆ ನಾಲಿಗೆ ಹೊರಳಲಿಲ್ಲ, ಅವ್ವನೇ ಫೋನ್ ಮಾಡಿದಳು. ಮಾವ ಜಾಸ್ತಿ ಮಾತಾಡಲಿಲ್ಲ, ಪತ್ರ ಎಲ್ಲಿ ತರ್ಬೇಕು ಹೇಳಕ್ಕ ಅಂದರಂತೆ. ಇ-ಖಾತಾ, ಇ.ಸಿ., ವಕೀಲರ ಅಭಿಪ್ರಾಯ, ಸೈಟ್ ಅಳತೆ ಅಂತ ಒಂದು ತಿಂಗಳು ಎಳೆದು ಹದಿನೈದು ಲಕ್ಷದ ಸಾಲ ಮಂಜೂರಾಯಿತು. ಒಂದು ಒಳ್ಳೇದಾಗಿದ್ದು: ಬ್ಯಾಂಕಿನ ಶಿಕ್ಷಣ ಸಾಲದಿಂದ ಹೊರದೇಶಕ್ಕೆ ಕಳಿಸಿದರೆ 2025ರ ಏಪ್ರಿಲ್‌ನಿಂದ ಟಿಸಿಎಸ್, ಅಂದರೆ ಕಳಿಸುವಾಗಲೇ ಬ್ಯಾಂಕು ವಸೂಲಿ ಮಾಡುವ ತೆರಿಗೆ, ಹಿಡಿಯಲ್ಲ. ಸ್ವಂತ ದುಡ್ಡಾಗಿದ್ದರೆ ಹತ್ತು ಲಕ್ಷ ದಾಟಿದ್ದಕ್ಕೆ ನೂರಕ್ಕೆ ಐದು ಹಿಡಿದಿರುತ್ತಿದ್ದರು. ರಿಟರ್ನ್ಸ್ ಹಾಕಿದರೆ ವಾಪಸ್ ಬರುತ್ತೆ ನಿಜ, ಆದರೆ ಅಲ್ಲಿವರೆಗೆ ಹೊಂದಿಸುವವರು ಯಾರು?

ದುಡ್ಡು ಹೋಯಿತು. ಜುಲೈ ಎರಡನೇ ವಾರ. ಹೊರದೇಶಕ್ಕೆ ಕಳಿಸುವುದು ಆ ಶಾಖೆಯವರಿಗೂ ಅಪರೂಪ. ಎ-2 ಫಾರಂ ತುಂಬುವಾಗ ಅವರೂ ಬೆಂಗಳೂರಿಗೆ ನಾಲ್ಕು ಸಲ ಫೋನ್ ಮಾಡಿದರು. ನಾಲ್ಕನೇ ದಿನ ನನ್ನ ಮೊಬೈಲಿಗೆ ಬ್ಲಾಕ್ಡ್ ಅಕೌಂಟಿನವರ ಇ-ಮೇಲ್. ಮೊತ್ತ ಬಂದಿದೆ, ಆದರೆ 18 ಯೂರೋ ಕಮ್ಮಿ ಇದೆ. ಪೂರ್ತಿ ಬರುವವರೆಗೆ ದೃಢೀಕರಣ ಪತ್ರ ಕೊಡಲಾಗುವುದಿಲ್ಲ.

ನಾವು ಸರಿಯಾಗಿಯೇ ಕಳಿಸಿದ್ದೆವು. ಇಲ್ಲಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ಮಧ್ಯೆ ಇನ್ನೊಂದು ಬ್ಯಾಂಕು ಇರುತ್ತಂತೆ, ಅದು ತನ್ನ ಕೂಲಿ ಕತ್ತರಿಸಿಕೊಂಡಿತ್ತು. ದಾರಿಖರ್ಚೆಲ್ಲ ಕಳಿಸುವವರದ್ದೇ ಅನ್ನುವ ಕಲಂಗೆ ಫಾರಂನಲ್ಲಿ ಟಿಕ್ ಹಾಕಬೇಕಿತ್ತು. ನಮಗೂ ಗೊತ್ತಿರಲಿಲ್ಲ, ಹಾಕಿಸಬೇಕಾದವರಿಗೂ ಹೊಳೆದಿರಲಿಲ್ಲ. ಕಳಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಆ ಒಂದು ಟಿಕ್ ನೋಡಿಕೊಳ್ಳಿ, ಮೇಲೆ ಐವತ್ತು ಯೂರೋ ಜಾಸ್ತಿಯೇ ಹಾಕಿ.

ಅಪ್ಪನಿಗೆ ಹೆದರಿಕೊಂಡೇ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಇಷ್ಟು ದಿನದಲ್ಲಿ ಮೊದಲ ಸಲ ಜರ್ಮನಿಯ ವ್ಯವಹಾರ ಅವನಿಗೆ ಪೂರ್ತಿ ಅರ್ಥವಾದ ಹಾಗಿತ್ತು. "ತೂಕದಲ್ಲಿ ಹೊಡ್ದವ್ರೆ ಬುಡು" ಅಂದ.

ಆ 18 ಯೂರೋ ಕಳಿಸಲು ಮತ್ತೆ ಫಾರಂ, ಮತ್ತೆ ಪ್ಯಾನ್ ಕಾರ್ಡ್ ಜೆರಾಕ್ಸ್, ಮತ್ತೆ ಬ್ಯಾಂಕಿನ ಚಾರ್ಜು. ಈ ಸಲ 60 ಯೂರೋ ಕಳಿಸಿದೆ. ಪತ್ರ ಬಂತು.

ವೀಸಾ ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಿ ಕಾಗದಗಳನ್ನೆಲ್ಲ ಏರಿಸಿದ್ದಾಗಿತ್ತು. ಬೆಂಗಳೂರಿಗೆ ಬರುವ ದಿನಾಂಕ ಜುಲೈ ಕೊನೆಗೆ ಸಿಕ್ಕಿತು. ಫೋಟೊ ಬೇಕಲ್ಲ, 35-45 ಮಿಲಿಮೀಟರಿನದು, ಮಂಡ್ಯದಲ್ಲೇ ಸ್ಟುಡಿಯೋದಲ್ಲಿ ತೆಗೆಸಿದೆ. ಸಂಜೆ ತೆಗೆದುಕೊಳ್ಳಲು ಹೋದರೆ ಫೋಟೊದಲ್ಲಿ ಬೇರೆ ಯಾರೋ ಇದ್ದಳು. ಬೆಳ್ಳಗೆ, ನುಣ್ಣಗೆ. ಗಲ್ಲದ ಮೇಲಿನ ಗಾಯದ ಕಲೆ, ಚಿಕ್ಕಂದಿನಲ್ಲಿ ಕಬ್ಬಿನ ಗರಿ ಕೊಯ್ದದ್ದು, ಮಾಯ. "ಸ್ವಲ್ಪ ಟಚಪ್ ಮಾಡಿದ್ದೀನಿ ಮೇಡಂ, ಫಾರಿನ್‌ಗೆ ಅಂದ್ರಲ್ಲ" ಅಂದರು ಸ್ಟುಡಿಯೋದವರು, ಪ್ರೀತಿಯಿಂದಲೇ. ಸ್ಪೆಲ್ಲಿಂಗ್ ತಿದ್ದಿಸಲು ಎರಡು ತಿಂಗಳು ಅಲೆದವಳಿಗೆ ಈಗ ಮುಖ ಬದಲಾಗಿತ್ತು. ಮತ್ತೆ ತೆಗೆಸಲು ಹೊತ್ತಿರಲಿಲ್ಲ, ಇಟ್ಟುಕೊಂಡೆ.

ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್. ಸೀಟಿಲ್ಲ, ಬಾಗಿಲ ಹತ್ತಿರ ಫೈಲ್ ಎದೆಗೆ ಒತ್ತಿಕೊಂಡು ನಿಂತೆ. ದಿನಾ ಕೆಲಸಕ್ಕೆ ಹೋಗುವ ಹೆಂಗಸರೊಬ್ಬರು, "ಇಂಟರ್‌ವ್ಯೂನಾ?" ಅಂತ ಕೇಳಿ ಜಾಗ ಮಾಡಿಕೊಟ್ಟರು. ವೀಸಾ ಅಂದೆ. "ನನ್ ಮಗನೂ ಅದೇ ಅಂತಾನೆ" ಅಂದವರು ರಾಮನಗರದವರೆಗೆ ಎಲ್ಲ ವಿವರ ಕೇಳಿಕೊಂಡರು. ಬ್ಲಾಕ್ಡ್ ಅಕೌಂಟಿನ ಮೊತ್ತ ಹೇಳಿದ ಮೇಲೆ ಮಾತು ನಿಂತಿತು.

ಅರ್ಜಿ ಕೇಂದ್ರದಲ್ಲಿ ನನ್ನ ಹಿಂದೆ ಕೇರಳದ ಹುಡುಗನೊಬ್ಬ. ಕರ್ನಾಟಕ, ಕೇರಳ ಎರಡಕ್ಕೂ ಬೆಂಗಳೂರಿನ ಜರ್ಮನ್ ಕಾನ್ಸುಲೇಟೇ. ಅವನ ಕೈಯಲ್ಲೂ ಒಂದು ಅಫಿಡವಿಟ್. ಅವನದೂ ಇನಿಷಿಯಲ್ ಗೋಳು. ಇಬ್ಬರೂ ಒಬ್ಬರದನ್ನೊಬ್ಬರು ಓದಿಕೊಂಡೆವು. ಅವನ ವಕೀಲರದ್ದೂ ಅದೇ ವಾಕ್ಯ, ಒನ್ ಅಂಡ್ ದಿ ಸೇಮ್ ಪರ್ಸನ್.

ಕೌಂಟರಿನ ಹುಡುಗಿ ನನ್ನ ವಯಸ್ಸಿನವಳೇ. ಇಂಗ್ಲಿಷಿನಲ್ಲಿ ಶುರು ಮಾಡಿದವಳು ಅಂಕಪಟ್ಟಿ ನೋಡಿ ಕನ್ನಡಕ್ಕೆ ಬಂದಳು. ಅಡ್ಮಿಷನ್ ಪತ್ರ, ಎಪಿಎಸ್, ಬ್ಲಾಕ್ಡ್ ಅಕೌಂಟಿನ ದೃಢೀಕರಣ, ವಿಮೆ, ಯಾಕೆ ಓದಬೇಕು ಅಂತ ಬರೆದ ಪತ್ರ, ಒಂದೊಂದಾಗಿ ಟಿಕ್ ಹಾಕಿದಳು. ಅಫಿಡವಿಟ್ ಹತ್ತಿರ ನಿಂತಳು.

"ಮಾದೇಗೌಡ ನಿಮ್ಮ ತಂದೆ. ಹನಕೆರೆ ಯಾರು?"

"ನಮ್ಮೂರು."

ಅವಳಿಗೆ ನಗು ಬಂತು. ತುಟಿ ಕಚ್ಚಿಕೊಂಡು ಟಿಕ್ ಹಾಕಿದಳು. ಫೋಟೊ ಮಾತ್ರ ಕೈಗೆತ್ತಿಕೊಂಡು, ನನ್ನ ಮುಖ ನೋಡಿ, ಮತ್ತೆ ಫೋಟೊ ನೋಡಿ, ಪಕ್ಕಕ್ಕೆ ತಳ್ಳಿದಳು. "ಇದು ನಡೆಯಲ್ಲ. ಎಡಿಟ್ ಮಾಡಿದ್ದು ತಗೊಳ್ಳಲ್ಲ." ಅಲ್ಲೇ ಒಳಗೆ ತೆಗೆಯುವ ವ್ಯವಸ್ಥೆ ಇತ್ತು. ಟ್ಯೂಬ್‌ಲೈಟಿನ ಬೆಳಕಿನಲ್ಲಿ, ರೈಲಿನಲ್ಲಿ ಬೆವೆತ ಮುಖ, ಗಲ್ಲದ ಕಲೆ, ಎಲ್ಲ ಸಮೇತ ಬಂತು. ಅದನ್ನು ತೆಗೆದುಕೊಂಡರು. ಬೆರಳಚ್ಚು ಕೊಟ್ಟು, 75 ಯೂರೋದಷ್ಟು ಫೀಸನ್ನು ರೂಪಾಯಿಯಲ್ಲಿ ಕಟ್ಟಿ ಹೊರಗೆ ಬಂದಾಗ ಹನ್ನೆರಡೂವರೆ. ಹಸಿವು ಅಂದರೆ ಹಸಿವು.

ಕಾಯುವ ಐದು ವಾರದ ಬಗ್ಗೆ ಏನು ಬರೆಯಲಿ? ಬೆಳಗ್ಗೆ ಎದ್ದರೆ ಇ-ಮೇಲ್, ಮಲಗುವಾಗ ಇ-ಮೇಲ್. ಕಂಡಕಂಡವರು ವೀಸಾ ಬಂತಾ ಅಂತ ಕೇಳಿ ಕೇಳಿ ಅವ್ವ ಡೈರಿಗೆ ಹಾಲು ಹಾಕಲು ಹೋಗುವ ದಾರಿಯನ್ನೇ ಬದಲಾಯಿಸಿಕೊಂಡಳು. ಗಂಜಾಂನ ನಿಮಿಷಾಂಬೆಗೆ ಹರಕೆ ಹೊತ್ತಿದ್ದಳು. ನಿಮಿಷದಲ್ಲಿ ಕೊಡೋ ತಾಯಿ ಅಂತ ಎಲ್ಲರೂ ಹೇಳ್ತಾರಲ್ಲ. ನಾಲ್ಕನೇ ವಾರಕ್ಕೆ ಅಪ್ಪ, "ಅವಳ್ಗೂ ಅಫಿಡವಿಟ್ ಕೊಡ್ಬೇಕಿತ್ತೇನೋ" ಅಂದು ಬೈಸಿಕೊಂಡ.

ಸೆಪ್ಟೆಂಬರ್ ಮೊದಲ ವಾರ ಕೊರಿಯರ್ ಬಂತು. ಕವರ್ ಹರಿಯಲು ಕೈ ನಡುಗಿ, ಅವ್ವ ಈಳಿಗೆಮಣೆ ತಂದುಕೊಟ್ಟಳು. ವೀಸಾ ಚೀಟಿ ಅಂಟಿತ್ತು. ನನ್ನ ಬೆವೆತ ಮುಖ, ಪಕ್ಕದಲ್ಲಿ ಹೆಸರು. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದೆ. ಡಬ್ಲ್ಯು ಇತ್ತು.

ಈಗ ಕೆಮ್ನಿಟ್ಸ್‌ಗೆ ಬಂದು ಎರಡು ತಿಂಗಳು. ಇಲ್ಲಿ ಅಂಚೆಯವರು ಮನೆ ನಂಬರ್ ನೋಡಿ ಕಾಗದ ಹಾಕಲ್ಲ, ಡಬ್ಬಿಯ ಮೇಲಿನ ಸರ್‌ನೇಮ್ ನೋಡಿ ಹಾಕುತ್ತಾರೆ. ಹೆಸರಿಲ್ಲದಿದ್ದರೆ ವಾಪಸ್. ಹಾಸ್ಟೆಲ್‌ನ ಕೆಳಗೆ ಸಾಲಾಗಿರುವ ಡಬ್ಬಿಗಳಲ್ಲಿ ನನ್ನದಕ್ಕೆ ಚೀಟಿ ಬರೆದು ಅಂಟಿಸಬೇಕಿತ್ತು. ಜಾಗ ಸಣ್ಣದು, ಸೌಮ್ಯ ಹಿಡಿಸಲಿಲ್ಲ. ಹನಕೆರೆ ಮಾದೇಗೌಡ ಅಂತ ಮಾತ್ರ ಬರೆದು ಅಂಟಿಸಿದೆ.

ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ತೋರಿಸಿದೆ. ಫೋನನ್ನು ಮೂಗಿನ ಹತ್ತಿರ ತಂದುಕೊಂಡು ನೋಡಿದ. ಹಿಂದೆ ಕಬ್ಬಿನ ಗರಿ ಅಲ್ಲಾಡುತ್ತಿತ್ತು.

"ಬಾಡಿಗೆ ನಾನ್ ಕಟ್ಟದಾ ಹಂಗಾದ್ರೆ?" ಅಂದ. ಆಮೇಲೆ ದನಿ ತಗ್ಗಿಸಿ, "ಈ ತಿಂಗ್ಳದ್ದು ಪೂರ್ತಿ ಬಂತಾ ಮಗ? ಕಮ್ಮಿ ಗಿಮ್ಮಿ ಮಾಡ್ಲಿಲ್ವಾ?"

"ಇಲ್ಲಪ್ಪ, ಪೂರ್ತಿ 992."

"ನೋಡ್ಕೊ" ಅಂದ, "ಇನ್ನೊಂದ್ ಸಲ ಎಣ್ಸು."